ಗೋಡೆಯ ಬಿಳುಪು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಮಾಡಿದ ಹಿರಿಯರು, ಕಟ್ಟಿದ ಮನೆಗೆ ಬಣ್ಣ ಹೊಡೆಯಿಸಿ ನೋಡು ಎಂಬ ಮಾತನ್ನು ಅದಕ್ಕೆ ಸೇರಿಸದೆ ಬಿಟ್ಟುದು ಸ್ವಲ್ಪ ಆಶ್ಚರ್ಯವೇ ಸರಿ. ಒಳಗೋಡೆಗೆ ಬಣ್ಣವನ್ನು ಆರಿಸುವ ಗೃಹಸ್ಥನು ಅಂಗಡಿಯವನನ್ನು ಕೇಳುವ ಪ್ರಶ್ನೆಗಳು ಎರಡೇ: ಇದು ಒಳ್ಳೆಯದೇ? ಇದು ಗೋಡೆಯನ್ನು ಚೆನ್ನಾಗಿ ಮುಚ್ಚುವುದೇ? ಈ ಎರಡು ಪ್ರಶ್ನೆಗಳೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಚೆನ್ನಾಗಿ ಮುಚ್ಚುವ ಬಣ್ಣವೇ ಒಳ್ಳೆಯ ಬಣ್ಣವೆಂದು ತಿಳಿಯುತ್ತೇವೆ. ಆದರೆ ಇವೆರಡೂ ಬೇರೆ ಬೇರೆ ಎಂಬುದನ್ನು ಮನುಷ್ಯನು ಕಲಿಯುವುದಕ್ಕೆ ಎರಡು ಸಾವಿರ ವರ್ಷಗಳು ಹಿಡಿದುವು. ಆ ಪಾಠದ ಚರಿತ್ರೆಯನ್ನು ಈಗ ಸಂಗ್ರಹವಾಗಿ ನೋಡೋಣ.

ಮೊದಲು ಸುಣ್ಣ. ಸುಣ್ಣದ ಕಲ್ಲನ್ನೋ ಕಪ್ಪೆಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಬುಸುಗುಟ್ಟಿ ಅರಳುತ್ತದೆ. ಅರಳಿದ ಸುಣ್ಣವನ್ನು ತಿಳಿಮಾಡಿ ಗೋಡೆಗೆ ಬಳಿದಾಗ, ಅದು ಗಾಳಿಯಿಂದ ಅದೇ ವಾಯುವನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆದು ಪುನಃ ಕಲ್ಲಾಗುತ್ತದೆ. ಎಂದರೆ, ಸುಣ್ಣ ಬಳಿಯುವುದು ಗೋಡೆಗೆ ಬಣ್ಣ ಹಚ್ಚುವುದಲ್ಲ. ತೆಳುವಾದ ಕಲ್ಲಿನ ಹೊದಿಕೆಯನ್ನು ಹೊದಿಸುವುದು. ಈ ಕ್ರಿಯೆ ನಿಧಾನವಾದದ್ದು, ತೇವವನ್ನು ಬೇಡತಕ್ಕದ್ದು. ಆದುದರಿಂದಲೇ ಬಿರುಬಿಸಿಲಿನಲ್ಲಿ ಒಣಗೋಡೆಗೆ ಒಮ್ಮೆಲೇ ದಪ್ಪವಾಗಿ ಬಳಿದ ಸುಣ್ಣವು ಮುಟ್ಟಿದವರ ಬಟ್ಟೆಗೆಲ್ಲ ಹತ್ತುತ್ತದೆ. ಗೋಡೆಯನ್ನು ನೀರಿನಿಂದ ನೆನೆಸಿ, ತೆಳುವಾಗಿ ಮೂರು ಸಲ ಬಳಿದದ್ದು ವರ್ಷಗಟ್ಟಲೆ ನಿಲ್ಲುತ್ತದೆ. ಮೂರು ವರ್ಷ ಹಳೆಯದಾಗದ ಸುಣ್ಣವನ್ನು ಕಟ್ಟಡದ ಗುತ್ತಿಗೆದಾರರು ಬಳಸಕೂಡದೆಂದು ಹಿಂದಿನ ಶಾಸನಗಳು ವಿಧಿಸಿದ್ದುವೆಂಬುದಾಗಿ ರೋಮಿನ ಪ್ಲಿನಿಯು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಬರೆದಿದ್ದಾನೆ. ಒಳ್ಳೆಯ ಸರಕಿನ ಮೊದಲ ಲಕ್ಷಣ ತಾಳ್ಮೆ ಎಂಬುದು ಆ ಕಾಲದವರಿಗೂ ತಿಳಿದಿದ್ದಿತು.

ತಾಳ್ಮೆಯ ಈ ಮಾತನ್ನು ನಮ್ಮ ನಾಡಿನವರು ಇನ್ನೂ ಸೂಕ್ಷ್ಮವಾಗಿ ಹೇಳಿದ್ದಾರೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ, ಚಿತ್ರ ಬರೆಯುವ ಗೋಡೆಯನ್ನು ಹದಗೊಳಿಸುವ ಕ್ರಮವು ನಿರೂಪಿತವಾಗಿದೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿ ಮಾಡಿದ ವಜ್ರಲೇಪವೆಂಬ ಅಂಟನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ, ಒಣಗಿದ ಗೋಡೆಗೆ ಮೂರು ಸಲ ಲೇಪಿಸಬೇಕು. ಅದರ ಮೇಲೆ ಶಂಖದ ಪುಡಿ ಕೂಡಿದ ಲೇಪನವಾಗಬೇಕು. ಗೋಡೆಯು ನುಣುಪಾದ ಬಳಿಕವೇ ಬಣ್ಣ. ಈ ವಿಧಾನದಲ್ಲಿ ಬಣ್ಣಕ್ಕಿಂತ ಬಣ್ಣದ ಕೆಳಗಿನದಕ್ಕೇ ಶ್ರಮವು ಹೆಚ್ಚೆಂಬುದನ್ನು ಗಮನಿಸಬೇಕು. ಗೋಡೆಯ ಬಾಯಾರಿಕೆಯನ್ನು ಮೊದಲು ತೀರಿಸದಿದ್ದರೆ, ಮೇಲೆ ಹಚ್ಚಿದ ಬಣ್ಣವನ್ನು ಅದು ಕುಡಿದುಬಿಡುತ್ತದೆ. ಈಗಿನವರು ಪ್ರೈಮರ್ ಎಂಬ ಡಬ್ಬಿಯನ್ನು ಕೊಳ್ಳುವಾಗ, ಚಾಲುಕ್ಯರ ಕಾಲದ ಈ ತತ್ತ್ವವನ್ನೇ ಕೊಳ್ಳುತ್ತಾರೆ.

ಹಾಗಾದರೆ ಮುಚ್ಚುವ ಶಕ್ತಿ ಎಂದರೇನು? ಸುಣ್ಣ ಬಳಿದ ದಿನ ಗೋಡೆಯು ಬೂದುಬೂದಾಗಿ, ಹಳೆಯ ಕಲೆಗಳೆಲ್ಲ ಕಾಣುವಂತಿದ್ದು, ಮಾರನೆಯ ದಿನ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ಇದರ ಕಾರಣವು ಬೆಳಕಿನ ಶಾಸ್ತ್ರದಲ್ಲಿದೆ. ಬೆಳಕು ಒಂದು ಪದಾರ್ಥದಿಂದ ಮತ್ತೊಂದಕ್ಕೆ ದಾಟುವಾಗ ಬಾಗುತ್ತದೆ. ಆ ಎರಡು ಪದಾರ್ಥಗಳ ವಕ್ರೀಭವನಾಂಕಗಳಲ್ಲಿ ಅಂತರವು ಹೆಚ್ಚಿದಷ್ಟೂ ಬೆಳಕು ಗೋಡೆಯನ್ನು ತಲಪದೆ ಚದರಿ ಹಿಂದಿರುಗುತ್ತದೆ. ನಮ್ಮ ಕಣ್ಣಿಗೆ ಅದೇ ಬಿಳುಪು. ಸುಣ್ಣದ ಅಂಕ ಸುಮಾರು 1.6, ನೀರಿನದು 1.33, ಗಾಳಿಯದು 1. ನೀರು ಆರಿ ಕಣಗಳ ನಡುವೆ ಗಾಳಿ ಸೇರಿದೊಡನೆ ಅಂತರವು ಹೆಚ್ಚುತ್ತದೆ, ಗೋಡೆ ಬೆಳ್ಳಗಾಗುತ್ತದೆ. ಆದರೆ ಅದೇ ಸುಣ್ಣದ ಕಲ್ಲಿನ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿದರೆ ಅದು ಹೆಚ್ಚು ಕಡಮೆ ಪಾರದರ್ಶಕವಾಗಿಯೇ ಉಳಿಯುತ್ತದೆ; ಏಕೆಂದರೆ ಎಣ್ಣೆಯ ಅಂಕವೇ 1.48, ಮತ್ತು ಎಣ್ಣೆಯು ನೀರಿನಂತೆ ಆರಿಹೋಗುವುದಿಲ್ಲ. ಎಣ್ಣೆಯಲ್ಲಿಯೂ ಮುಚ್ಚಬಲ್ಲ ಬಿಳುಪು ಬೇಕಾದರೆ ಬೇರೆ ಪುಡಿಯನ್ನೇ ಹುಡುಕಬೇಕು.

ಅಂಥ ಪುಡಿ ಪ್ರಾಚೀನರಿಗೆ ದೊರೆತಿದ್ದಿತು; ಅದೇ ಸೀಸದ ಬಿಳುಪು. ಸೀಸದ ತಗಡನ್ನು ಹುಳಿಯ ಆವಿಯಲ್ಲಿಟ್ಟರೆ ಅದರ ಮೇಲೆ ಬಿಳಿಯ ಹುಡಿ ಕಟ್ಟುತ್ತದೆಂಬುದನ್ನು ಗ್ರೀಕರೂ ರೋಮನರೂ ಬಲ್ಲವರಾಗಿದ್ದರು. ಮುಂದೆ ಹಾಲೆಂಡಿನವರು ಮಡಕೆಗಳಲ್ಲಿ ಸೀಸವನ್ನೂ ಹುಳಿಯನ್ನೂ ಇಟ್ಟು, ಕುದುರೆಯ ಲದ್ದಿಯ ಬಿಸಿಯಲ್ಲಿ ಹೂಳಿ, ತಿಂಗಳುಗಟ್ಟಲೆ ಬಿಟ್ಟು ಇದನ್ನು ರಾಶಿರಾಶಿಯಾಗಿ ತಯಾರಿಸಿದರು. ಇದರ ಅಂಕ ಸುಮಾರು 2. ಎಣ್ಣೆಯೊಡನೆ ಚೆನ್ನಾಗಿ ಕೂಡುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ, ಕುಂಚಕ್ಕೆ ಹಿತವಾಗಿ ಹರಡುತ್ತದೆ. ಗೃಹಸ್ಥನ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವು ಬಹುಕಾಲ ಇರಲಿಲ್ಲ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಸೀಸವು ವಿಷ. ಸೀಸದ ಕೆಲಸಗಾರರ ಮೈಬಣ್ಣ ಬಿಳಿಚಿಕೊಂಡಿರುವುದನ್ನು ವಿಟ್ರೂವಿಯಸನು ಕ್ರಿಸ್ತನಿಗೂ ಮೊದಲೇ ತನ್ನ ವಾಸ್ತುಗ್ರಂಥದಲ್ಲಿ ಗುರುತಿಸಿದ್ದನು. ಲಂಡನ್ನಿನ ಸೀಸದ ಕಾರ್ಖಾನೆಗಳಲ್ಲಿ ದುಡಿದು ರೋಗಕ್ಕೆ ತುತ್ತಾಗುತ್ತಿದ್ದ ಬಡ ಹೆಂಗಸರ ಸ್ಥಿತಿಯನ್ನು ಚಾರಲ್ಸ್ ಡಿಕನ್ಸನು 1868ರಲ್ಲಿ ವರ್ಣಿಸಿದನು. ತಿಳಿವಳಿಕೆಯ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಮನಸ್ಸಿನಲ್ಲಿ. ಗೋಡೆಯು ಸೊಗಸಾಗಿ ಮುಚ್ಚುತ್ತಿದ್ದುದರಿಂದ, ಅದರ ಬೆಲೆಯನ್ನು ಯಾರು ತೆರುತ್ತಿದ್ದರೆಂಬುದೂ ಅದರೊಡನೆ ಮುಚ್ಚಿಹೋಯಿತು.

ಬೇರೆ ದಾರಿಯೇ ಇರಲಿಲ್ಲವೆನ್ನುವಂತೆಯೂ ಇಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಫ್ರಾನ್ಸಿನ ದಿಜೋನ್ ಪಟ್ಟಣದ ರಸಾಯನಜ್ಞ ಗೀಟೋನ್ ದ ಮೊರ್ವೋ ಎಂಬಾತನು ಸತುವಿನ ಬಿಳುಪನ್ನು ಸೂಚಿಸಿದ್ದನು. 1840ರ ಅನಂತರದ ವರ್ಷಗಳಲ್ಲಿ ಪ್ಯಾರಿಸಿನ ಲಕ್ಲೇರ್ ಎಂಬ ಮನೆಬಣ್ಣದ ಗುತ್ತಿಗೆದಾರನು ತನ್ನ ಕೆಲಸಗಾರರ ಆರೋಗ್ಯಕ್ಕಾಗಿ ಅದನ್ನು ಬಳಕೆಗೆ ತಂದನು. ಕೆಲಸಗಾರರಿಗೆ ಲಾಭದಲ್ಲಿ ಪಾಲು ಕೊಟ್ಟ ಮೊದಲಿಗರಲ್ಲಿ ಒಬ್ಬನೆಂದೂ ಈತನು ಪ್ರಸಿದ್ಧನು. ಸತುವಿನ ಬಿಳುಪು ಸೀಸದಷ್ಟು ಚೆನ್ನಾಗಿ ಮುಚ್ಚುತ್ತಿರಲಿಲ್ಲ, ಬೇಗ ಬಿರುಕು ಬಿಡುತ್ತಿದ್ದಿತು. ಆದರೂ, ಸ್ವಲ್ಪ ಕಡಮೆ ಮುಚ್ಚುವ ಬಣ್ಣವೇ ಹೆಚ್ಚು ಒಳ್ಳೆಯದಾಗಬಹುದೆಂದು ತನ್ನ ವ್ಯಾಪಾರದಲ್ಲಿ ನಡೆದು ತೋರಿಸಿದವನು ಈ ಗುತ್ತಿಗೆದಾರ.

ವಿಷವು ಕಾರ್ಖಾನೆಯಲ್ಲಿಯೇ ನಿಲ್ಲಲಿಲ್ಲ. 1904ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ನರು, ಅಲ್ಲಿಯ ಮಕ್ಕಳ ಸೀಸರೋಗಕ್ಕೆ ಮೂಲವು ಮನೆಯ ಬಣ್ಣವೇ ಎಂದು ತೋರಿಸಿದರು. ಜಗುಲಿಯ ಕಟಕಟೆಯ ಬಣ್ಣವು ಬಿಸಿಲಿಗೆ ಪುಡಿಯಾಗಿ ಮಕ್ಕಳ ಕೈಗೆ ಹತ್ತುತ್ತಿದ್ದಿತು, ಕೈಯಿಂದ ಬಾಯಿಗೆ ಹೋಗುತ್ತಿದ್ದಿತು. 1921ರಲ್ಲಿ ಜಿನೀವದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು, ಕೆಲವು ವಿನಾಯಿತಿಗಳೊಡನೆ, ಕಟ್ಟಡಗಳ ಒಳಗೋಡೆಗಳಿಗೆ ಸೀಸದ ಬಿಳುಪನ್ನು ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿತು. ಅಮೆರಿಕ ಸಂಯುಕ್ತ ಸಂಸ್ಥಾನಗಳು ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದುದು 1978ರಲ್ಲಿ. ಭಾರತದಲ್ಲಿ ಮನೆಬಣ್ಣದ ಸೀಸಕ್ಕೆ ದಶಲಕ್ಷ ಭಾಗಕ್ಕೆ 90 ಭಾಗವೆಂಬ ಮಿತಿಯನ್ನು ವಿಧಿಸುವ ನಿಯಮಗಳು 2016ರಲ್ಲಿ ಪ್ರಕಟವಾದುವು. ಬ್ರಿಸ್ಬೇನಿನ ಎಚ್ಚರಿಕೆಗೂ ನಮ್ಮ ನಿಯಮಕ್ಕೂ ನಡುವೆ 112 ವರ್ಷಗಳು!

ಈ ನಡುವೆ ಮುಚ್ಚುವ ಶಕ್ತಿಯಲ್ಲಿ ಸೀಸವನ್ನು ಮೀರಿದ ಪದಾರ್ಥವು ದೊರೆತಿದ್ದಿತು. ಟೈಟಾನಿಯಮ್ಮಿನ ಬಿಳುಪು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಾರ್ವೆಯಲ್ಲಿಯೂ ಅಮೆರಿಕದಲ್ಲಿಯೂ ವ್ಯಾಪಾರಕ್ಕೆ ಬಂದಿತು. ಇದರ ರೂಟೈಲ್ ಎಂಬ ಬಗೆಯ ವಕ್ರೀಭವನಾಂಕ ಸುಮಾರು 2.7, ಸೀಸದಂತೆ ವಿಷವೂ ಅಲ್ಲ. ಇದರ ಅದಿರು ನಮ್ಮ ನೆರೆಯಲ್ಲಿಯೇ ಇದೆ: ತಿರುವಾಂಕೂರು ಸಂಸ್ಥಾನವಿದ್ದ ಕಡಲತೀರದ ಕಪ್ಪು ಮರಳಿನಲ್ಲಿರುವ ಇಲ್ಮೆನೈಟು. ಆ ಸಂಸ್ಥಾನದ ಆಳಿಕೆಯಲ್ಲಿಯೇ, 1946ರಲ್ಲಿ, ಈ ಬಿಳುಪನ್ನು ತಯಾರಿಸುವ ಸಂಸ್ಥೆಯು ತಿರುವನಂತಪುರದಲ್ಲಿ ಸ್ಥಾಪಿತವಾಯಿತು. ಅದಕ್ಕೆ ಒಂಬತ್ತು ವರ್ಷ ಮೊದಲು, 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯು ಆರಂಭವಾಗಿದ್ದಿತು. 1962ರಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯು ಅಲ್ಲಿಂದಲೇ ಬರುತ್ತಿದೆ. 1948ರ ಸುಮಾರಿಗೆ ಅಮೆರಿಕದಲ್ಲಿ, ನೀರಿನಲ್ಲಿ ಕದಡಿದ ಕೃತಕ ಅಂಟಿನಿಂದಾದ ಎಮಲ್ಷನ್ ಬಣ್ಣವು ಒಳಗೋಡೆಗೆ ಬಂದಿತು. ಟೈಟಾನಿಯಮ್ಮೂ ಎಮಲ್ಷನ್ನೂ ಕೂಡಿ ಹುಟ್ಟಿದ್ದೇ ಈಗಿನ ಅಂಗಡಿಯ ಡಬ್ಬಿ.

ಈ ಚರಿತ್ರೆಯಿಂದ ಗೃಹಸ್ಥನು ತೆಗೆದುಕೊಳ್ಳಬೇಕಾದುದೇನು? ಡಬ್ಬಿಯ ಬೆಲೆಯನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದರೊಳಗಿನ ಟೈಟಾನಿಯಮ್ಮು ಮತ್ತು ಅಂಟು. ಅಗ್ಗದ ಡಬ್ಬಿಯಲ್ಲಿ ಸುಣ್ಣದ ಕಲ್ಲಿನ ಪುಡಿಯ ಪಾಲು ಹೆಚ್ಚು. ಎರಡು ಸಲಕ್ಕೆ ಮುಚ್ಚುವ ಬಣ್ಣವನ್ನು ಬಿಟ್ಟು, ನಾಲ್ಕು ಸಲ ಬಳಿದರೂ ಮುಚ್ಚದ ಅಗ್ಗದ ಬಣ್ಣವನ್ನು ಕೊಂಡವನಿಗೆ ಕೂಲಿಯಲ್ಲಿ ನಷ್ಟ. ನುಣುಪಾದ, ಹದಗೊಂಡ ಗೋಡೆಯ ಮೇಲೆ ಒಂದು ಲೀಟರು ಎಮಲ್ಷನ್ನು ಒಂದು ಸಲಕ್ಕೆ ಸುಮಾರು 100 ಚದರಡಿಯನ್ನು ಮುಚ್ಚೀತು. ಬಾಯಾರಿದ ಗಾರೆಯ ಮೇಲೆ ಅಷ್ಟು ಮುಚ್ಚದು. ತೇವವಿರುವ ಗೋಡೆಗೆ ಯಾವ ಬಣ್ಣವೂ ನಿಲ್ಲದು. ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ನೋಡಬೇಕು. ಮಣ್ಣು, ಸುಣ್ಣದ ಗಾರೆಗಳ ಹಳೆಯ ಮನೆಗಳಿಗೆ ಸುಣ್ಣವೇ ತಕ್ಕದ್ದು. ಅದರ ಮೂಲಕ ಗೋಡೆಯ ತೇವವು ಆರಿಹೋಗುತ್ತದೆ, ಬಿಗಿಯಾದ ಬಣ್ಣದ ಪೊರೆಯಡಿ ಅದೇ ತೇವವು ಸಿಕ್ಕಿ ಗಾರೆಯನ್ನು ಕೆಡಿಸುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳೆಯ ಮನೆಗಳ ಬಾಗಿಲು, ಕಿಟಕಿ, ಕಂಬಿಗಳ ಮೇಲಿನ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವವು ಹೆಚ್ಚು. ಅದನ್ನು ಒಣದಾಗಿ ಉಜ್ಜಿ, ದೂಳೆಬ್ಬಿಸಿ ತೆಗೆಯಿಸುವುದು, ಅದರಲ್ಲಿಯೂ ಎಳೆಯ ಮಕ್ಕಳೂ ಬಸುರಿಯರೂ ಇರುವ ಮನೆಯಲ್ಲಿ, ದೊಡ್ಡ ಅಪಾಯ. ನೆನೆಸಿ ಉಜ್ಜಿಸಬೇಕು, ಒದ್ದೆಯ ಬಟ್ಟೆಯಿಂದ ಒರಸಿಸಬೇಕು, ಕೆಲಸ ಮುಗಿಯುವವರೆಗೆ ಮಕ್ಕಳನ್ನು ಬೇರೆಡೆ ಇರಿಸಬೇಕು, ಉಜ್ಜುವ ಕೆಲಸಗಾರನ ಮೂಗುಬಾಯಿಗೆ ದೂಳನ್ನು ತಡೆಯುವ ತಕ್ಕ ರಕ್ಷೆಯನ್ನು ಒದಗಿಸಬೇಕು. ಹೊಸ ಡಬ್ಬಿಯನ್ನು ಕೊಳ್ಳುವಾಗ ಅದು ಎಷ್ಟು ಮುಚ್ಚುವುದೆಂದು ಕೇಳುವುದಕ್ಕೆ ಮೊದಲು, ಸೀಸದ ಮಿತಿಯ ವಿಷಯವಾಗಿ ಅದರ ಮೇಲೆ ಏನು ಬರೆದಿದೆಯೆಂದು ಓದಬೇಕು. ಒಳ್ಳೆಯದೇ ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಮುಚ್ಚುವುದೇ ಎಂಬುದನ್ನು ಆಮೇಲೆ ಕೇಳುವುದೇ ಸರಿಯಾದ ಕ್ರಮವೆಂದು ನಾವು ತಿಳಿಯುತ್ತೇವೆ.