ಪೈಥಾನ್ ಭಾಷೆಯಲ್ಲಿ ವಸ್ತುವಿನ ಪಠ್ಯರೂಪ: ಒಂದು ಚಾರಿತ್ರಿಕ ಸಮೀಕ್ಷೆ

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ವಿದ್ಯಾರ್ಥಿ, ಗ್ರಂಥ, ದಿನಾಂಕ ಮೊದಲಾದುವೆಲ್ಲ 'ವಸ್ತು'ಗಳೆನಿಸಿಕೊಳ್ಳುತ್ತವೆ. ಯಂತ್ರದ ಸ್ಮೃತಿಯಲ್ಲಿರುವ ಇಂತಹ ವಸ್ತುವನ್ನು ಮನುಷ್ಯನು ಓದಬೇಕಾದರೆ ಅದು ಅಕ್ಷರರೂಪವನ್ನು ತಾಳಲೇಬೇಕು. ಈ ರೂಪವನ್ನು ಒದಗಿಸುವ ನಿಯಮವು ಪೈಥಾನ್ ಭಾಷೆಯ ಎರಡನೆಯ ಮತ್ತು ಮೂರನೆಯ ಆವೃತ್ತಿಗಳ ನಡುವೆ ಹೇಗೆ ಮಾರ್ಪಟ್ಟಿತು, ಏಕೆ ಮಾರ್ಪಟ್ಟಿತು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲಿನ ಆವೃತ್ತಿಗಳಲ್ಲಿ 'ಸ್ಟ್ರ್' ಎಂಬ ಒಂದೇ ಪ್ರಕಾರವು ಬೈಟುಗಳ ಸಾಲಿಗೂ ಓದತಕ್ಕ ಪಠ್ಯಕ್ಕೂ ಸಲ್ಲುತ್ತಿತ್ತು. ಇಂಗ್ಲಿಷಿನ ಮಟ್ಟಿಗೆ ಇದರಿಂದ ತೊಡಕಿರಲಿಲ್ಲ. ಆಸ್ಕಿ ಪದ್ಧತಿಯ 128 ಸಂಕೇತಗಳಲ್ಲಿ ಒಂದೊಂದಕ್ಕೂ ಒಂದು ಬೈಟು ಸಾಕಾಗುತ್ತಿತ್ತು. 2000ದಲ್ಲಿ ಹೊರಬಂದ 2.0 ಆವೃತ್ತಿಯು 'ಯೂನಿಕೋಡ್' ಎಂಬ ಪ್ರತ್ಯೇಕ ಪಠ್ಯಪ್ರಕಾರವನ್ನು ಸೇರಿಸಿತಾದರೂ ಹಳೆಯದನ್ನು ಹಾಗೆಯೇ ಉಳಿಸಿಕೊಂಡಿತು. ಹೀಗಾಗಿ ಎರಡನೆಯ ಆವೃತ್ತಿಯಲ್ಲಿ ವಸ್ತುವಿಗೆ ಎರಡು ವಿಧಾನಗಳು ಏರ್ಪಟ್ಟುವು: 'ಸ್ಟ್ರ್' ವಿಧಾನವು ಬೈಟುಗಳನ್ನೂ 'ಯೂನಿಕೋಡ್' ವಿಧಾನವು ಪಠ್ಯವನ್ನೂ ಕೊಡತಕ್ಕದ್ದಾಯಿತು.

ಒಂದನ್ನು ಇನ್ನೊಂದಾಗಿ ಪರಿವರ್ತಿಸಬೇಕಾದಾಗ ಭಾಷೆಯು ತಾನಾಗಿಯೇ ಆಸ್ಕಿಯನ್ನು ಆಶ್ರಯಿಸುತ್ತಿತ್ತು. ತೊಂದರೆಯ ಮೂಲವಿದ್ದುದು ಇಲ್ಲಿಯೇ. 'ಸ್ಟ್ರ್' ವಿಧಾನವು ಯೂನಿಕೋಡ್ ಪಠ್ಯವನ್ನು ಹಿಂದಿರುಗಿಸಿದಾಗ ಆಂಗ್ಲ ಹೆಸರು ನಿರ್ವಿಘ್ನವಾಗಿ ಮುದ್ರಿತವಾಗುತ್ತಿತ್ತು. ಕನ್ನಡದ ಹೆಸರು ಎದುರಾದೊಡನೆ ಪ್ರೋಗ್ರಾಮು ದೋಷವನ್ನು ತಿಳಿಸಿ ನಿಂತುಬಿಡುತ್ತಿತ್ತು. ಆಂಗ್ಲ ಹೆಸರುಗಳಿಂದ ಮಾತ್ರ ಪರೀಕ್ಷೆ ನಡೆಸಿದವರಿಗೆ ಈ ನ್ಯೂನತೆ ಕಾಣುತ್ತಲೇ ಇರಲಿಲ್ಲ. 'ಕನ್ನಡ' ಎಂಬ ಪದವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯೂನಿಕೋಡಿನಲ್ಲಿ ಇದು, ಒತ್ತಕ್ಷರಕ್ಕೆ ಕಾರಣವಾದ ಹಲಂತವೂ ಸೇರಿ, 5 ಸಂಕೇತಗಳ ಪದ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ 3ರಂತೆ 15 ಬೈಟುಗಳು. ಆ ಕ್ರಮದಲ್ಲಿ ಬರೆದ ಪದದ ಉದ್ದವನ್ನು ಕೇಳಿದರೆ ಹಳೆಯ 'ಸ್ಟ್ರ್' 15 ಎನ್ನುತ್ತಿತ್ತು.

2008ರ ಡಿಸೆಂಬರಿನಲ್ಲಿ ಪ್ರಕಟವಾದ 3.0 ಆವೃತ್ತಿಯು ಈ ಗೊಂದಲವನ್ನು ಬುಡದಿಂದಲೇ ತೆಗೆದುಹಾಕಿತು. 'ಸ್ಟ್ರ್' ಎಂಬ ಹೆಸರು ಉಳಿಯಿತು, ಅರ್ಥ ಬದಲಾಯಿತು. ಅದು ಇನ್ನು ಪಠ್ಯವೇ ಆಯಿತು. ಬೈಟುಗಳಿಗೆ ಬೇರೊಂದು ಪ್ರಕಾರವೇರ್ಪಟ್ಟಿತು. 'ಯೂನಿಕೋಡ್' ವಿಧಾನದ ಅಗತ್ಯವೇ ಇಲ್ಲದಂತಾಯಿತು. ಪ್ರೋಗ್ರಾಮು ಬರೆಯುವವರ ಪರಿಶೀಲನೆಗಾಗಿರುವ 'ರೆಪ್ರ್' ಎಂಬ ರೂಪವೂ, ಹಿಂದೆ ಕನ್ನಡದ ಅಕ್ಷರಗಳಿಗೆ ಬದಲಾಗಿ ಸಂಖ್ಯಾಸಂಕೇತಗಳನ್ನು ತೋರುತ್ತಿದ್ದುದು, ಆ ಬಳಿಕ ಅಕ್ಷರಗಳನ್ನೇ ತೋರತೊಡಗಿತು.

ಆದರೆ ಒಂದೇ ಹೆಸರಿಗೆ ಎರಡು ಆವೃತ್ತಿಗಳಲ್ಲಿ ಎರಡು ಅರ್ಥಗಳಾದುದರಿಂದ ಎರಡರಲ್ಲಿಯೂ ನಡೆಯಬೇಕಾದ ಪ್ರೋಗ್ರಾಮುಗಳಿಗೆ ಸೇತುವೆ ಬೇಕಾಯಿತು. ಪೈಥಾನಿನಲ್ಲಿ ರಚಿತವಾದ ಜಾಂಗೋ ಎಂಬ ಜಾಲತಾಣ ಚೌಕಟ್ಟು ಇಂತಹದೊಂದನ್ನು ಕಲ್ಪಿಸಿತು. 2013ರಲ್ಲಿ ಪ್ರಕಟವಾದ ಅದರ 1.5 ಆವೃತ್ತಿಯಲ್ಲಿದ್ದ ಒಂದು ಅಲಂಕಾರಕವನ್ನು ಬಳಸುವವರು, ಪಠ್ಯವನ್ನು ಕೊಡುವ 'ಸ್ಟ್ರ್' ವಿಧಾನವೊಂದನ್ನೇ ಬರೆದರೆ ಸಾಕಾಗಿತ್ತು. ಹಳೆಯ ಪೈಥಾನಿನಲ್ಲಿ ಆ ವಿಧಾನವು 'ಯೂನಿಕೋಡ್' ಎಂಬ ಹೆಸರನ್ನು ಪಡೆದು, 'ಸ್ಟ್ರ್' ಸ್ಥಾನಕ್ಕೆ ಯುಟಿಎಫ್-8 ಬೈಟುಗಳನ್ನು ಕೊಡುವ ವಿಧಾನವು ಬರುತ್ತಿತ್ತು. ಹೊಸದರಲ್ಲಿ ಅಲಂಕಾರಕವು ಏನನ್ನೂ ಮಾಡುತ್ತಿರಲಿಲ್ಲ. 2019ರ ಡಿಸೆಂಬರಿನಲ್ಲಿ ಬಂದ ಜಾಂಗೋ 3.0 ಈ ಸೇತುವೆಯನ್ನು ಕಳಚಿತು. 2020ರ ಜನವರಿ 1ಕ್ಕೆ ಪೈಥಾನ್ 2ರ ಪೋಷಣೆಯೂ ಮುಗಿಯಿತು.

ಬೈಟು ಬೇರೆ, ಅಕ್ಷರ ಬೇರೆ ಎಂಬ ವಿವೇಕವು ವ್ಯವಹಾರದಲ್ಲಿ ನೆಲೆಗೊಳ್ಳಲು ಹೀಗೆ ಹನ್ನೊಂದು ವರ್ಷಗಳು ಹಿಡಿದುವು. ಒಂದು ಲಿಪಿಯ ಅನುಕೂಲವನ್ನೇ ಸಾಮಾನ್ಯ ನಿಯಮವೆಂದು ಬಗೆದುದರ ಬೆಲೆ ಇದೆನ್ನಬಹುದು.