ಏಡ್ಸ್ ಜಾಗೃತಿಯ ಇತಿಹಾಸದಲ್ಲಿ ಗೋವಾದ 64 ದಿನಗಳು

ಏಡ್ಸ್ ಜಾಗೃತಿಯ ಇತಿಹಾಸವನ್ನು 1981ರ ಜೂನ್ 5ರಿಂದ ಆರಂಭಿಸುವುದು ರೂಢಿ. ಅಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯು ಲಾಸ್ ಏಂಜಲೀಸ್ ನಗರದ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾವನ್ನು ವರದಿ ಮಾಡಿತು. ಆದರೆ ರೋಗದ ಅರಿವು ಬೇರೆ, ರೋಗಿಯ ಅರಿವು ಬೇರೆ. ಎರಡನೆಯದಕ್ಕೆ 1983ರ ಡೆನ್ವರ್ ಸಮಾವೇಶವನ್ನೇ ಮೊದಲ ಮೈಲಿಗಲ್ಲೆಂದು ನಾನು ಎಣಿಸುತ್ತೇನೆ. ತಮ್ಮನ್ನು ಬಲಿಪಶುಗಳೆಂದು ಕರೆಯಕೂಡದು, ಏಡ್ಸ್ ಇರುವ ಜನರೆಂದು ಕರೆಯಬೇಕು ಎಂದು ಅಲ್ಲಿ ರೋಗಿಗಳೇ ಘೋಷಿಸಿದರು.

ಭಾರತದಲ್ಲಿ ಸೋಂಕು ಪತ್ತೆಯಾದದ್ದು 1986ರಲ್ಲಿ. ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಅವರು ಲೈಂಗಿಕ ವೃತ್ತಿಯ ಮಹಿಳೆಯರಿಂದ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಲಾಯಿತು. ಮರುವರ್ಷ ಜಗದ್ಗುರು ಎರಡನೇ ಜಾನ್ ಪೌಲರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಡ್ಸ್ ಇದ್ದ ಪುಟ್ಟ ಬಾಲಕನೊಬ್ಬನನ್ನು ಅಪ್ಪಿಕೊಂಡರು.

ಆ ಅಪ್ಪುಗೆಗೆ ಎರಡು ವರ್ಷವೂ ತುಂಬಿರಲಿಲ್ಲ. 1989ರ ಫೆಬ್ರವರಿ 14ರಂದು ಗೋವಾದ ಕಥೋಲಿಕ ಯುವಕ ಡೊಮಿನಿಕ್ ಡಿಸೋಜ ಅವರನ್ನು ಪೊಲೀಸರು ಹಿಡಿದೊಯ್ದರು. ಅವರು ರಕ್ತದಾನಿ, ಸೋಂಕು ಬೆಳಕಿಗೆ ಬಂದದ್ದೂ ದಾನವಿತ್ತ ರಕ್ತದಿಂದಲೇ. (ಅದು ಹೇಗೆ ತಗುಲಿತೆಂಬ ಕುತೂಹಲಕ್ಕೆ ಇಲ್ಲಿ ಎಡೆಯಿಲ್ಲ.) ರಾಜ್ಯದ ಸಾರ್ವಜನಿಕ ಆರೋಗ್ಯ ಕಾಯ್ದೆಯನ್ವಯ ಅವರನ್ನು ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ ಕಾವಲಿನೊಳಗೆ ಒಂಟಿಯಾಗಿ ಇರಿಸಲಾಯಿತು. ಯಾಜಕಕಾಂಡದ 13ನೆಯ ಅಧ್ಯಾಯವನ್ನು ಬಲ್ಲವರಿಗೆ ಈ ವಿಧಿ ಅಪರಿಚಿತವಲ್ಲ. ಅಲ್ಲಿ ಪರೀಕ್ಷಿಸಿ, ಅಶುದ್ಧನೆಂದು ಸಾರಿ, ಪಾಳೆಯದ ಹೊರಗಿರಿಸುವವನು ಯಾಜಕನೇ. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಾದರೋ ಕುಷ್ಠರೋಗಿಯನ್ನು ಮುಟ್ಟಿದ ಯೇಸು ಕಡೆಗೆ ತಾವೇ ಊರ ಹೊರಗೆ ಉಳಿಯಬೇಕಾಗುತ್ತದೆ. ಸ್ಥಾನಪಲ್ಲಟದ ಈ ಅಂಶವನ್ನು ನಮ್ಮ ಪ್ರಬೋಧನೆಗಳು ಹೆಚ್ಚಾಗಿ ದಾಟಿಹೋಗುತ್ತವೆ.

ಮಗನಿಗಾಗಿ ಮುಂಬಯಿ ಹೈಕೋರ್ಟಿನ ಮೊರೆಹೊಕ್ಕವರು ತಾಯಿ ಲೂಸಿ. 64 ದಿನಗಳ ಬಳಿಕ ಡೊಮಿನಿಕ್ ಮನೆಗೆ ಮರಳಿದರಾದರೂ, ಪ್ರತ್ಯೇಕವಾಸದ ವಿಧಿಯನ್ನು ನ್ಯಾಯಾಲಯವು ಅಂತಿಮವಾಗಿ ಎತ್ತಿಹಿಡಿಯಿತು. 1992ರಲ್ಲಿ ಅವರು 'ಪಾಸಿಟಿವ್ ಪೀಪಲ್' ಸಂಸ್ಥೆಯನ್ನು ಸ್ಥಾಪಿಸಿ, ಅದೇ ವರ್ಷ ಮೇ ತಿಂಗಳಲ್ಲಿ ನಿಧನರಾದರು. ಸಂಸ್ಥೆಯ ಹೆಸರಿನಲ್ಲಿಯೂ ಜನರೇ ಇದ್ದಾರೆ, ಡೆನ್ವರಿನಲ್ಲಿ ಕೇಳಿದಂತೆ.

ಸೋಂಕಿತರನ್ನು ಹೀಗೆ ಬೇರ್ಪಡಿಸಿ ಇರಿಸುವುದನ್ನು ದೇಶಾದ್ಯಂತ ನಿಷೇಧಿಸಿದ ಎಚ್‌ಐವಿ ಕಾಯ್ದೆ ಅಂಗೀಕಾರವಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಭೇದವೆಣಿಸಬಾರದ ಸ್ಥಳಗಳನ್ನು ಅದರ 3ನೆಯ ಕಲಮು ಹೆಸರಿಸುತ್ತದೆ: ಅಂಗಡಿ, ಹೋಟೆಲು, ಬಾವಿ, ರಸ್ತೆ. ಸಮಾಧಿಭೂಮಿ ಮತ್ತು ಅಂತ್ಯಸಂಸ್ಕಾರಗಳೂ ಆ ಸಾಲಿನಲ್ಲಿವೆ. ಅವುಗಳ ಕೀಲಿಕೈ ಇರುವುದು ನಮ್ಮ ಧರ್ಮಕೇಂದ್ರಗಳ ಗುರುಗಳ ಕೈಯಲ್ಲಿ.