ಇಂಗ್ಲಿಷ್ ಕಲಿಕೆಯಲ್ಲಿ ವ್ಯಾಕರಣದ ಸ್ಥಾನ

ವ್ಯಾಕರಣವೆಂದೊಡನೆ ಮಕ್ಕಳ ಮುಖ ಬಾಡುವುದು ಹೊಸತಲ್ಲ. ಆದರೆ ಸಾಂಕೋಲೆ, ಜುವಾರಿನಗರಗಳ ಕನ್ನಡ ಕುಟುಂಬಗಳಿಗೆ ಇದು ಪಾಠಪುಸ್ತಕಕ್ಕಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ. ಗೋವೆಯಲ್ಲಿ ಪ್ರಾಥಮಿಕ ತರಗತಿಗಳನ್ನು ಮುಗಿಸಿದ ಬಹುಪಾಲು ಮಕ್ಕಳು ಮುಂದೆ ಇಂಗ್ಲಿಷ್ ಮಾಧ್ಯಮವನ್ನು ಸೇರಬೇಕಾಗುತ್ತದೆ. ಆ ಹೊಸ್ತಿಲಲ್ಲಿ ನಿಂತ ತಂದೆತಾಯಿಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಮಗುವು ಇಷ್ಟು ವರ್ಷ ಕಲಿತ ಕನ್ನಡವು ಇಂಗ್ಲಿಷಿಗೆ ಅಡ್ಡಿಯಾಗುವುದೇ, ನೆರವಾಗುವುದೇ? ಇದಕ್ಕೆ ಉತ್ತರವನ್ನು ನಾವು ನೆಲೆಸಿರುವ ನೆಲದ ಚರಿತ್ರೆಯಲ್ಲಿಯೇ ಅರಸಬಹುದಾಗಿದೆ.

ಸಾಂಕೋಲೆಯು ಪ್ರಾಚೀನವಾದ ಊರು. ವೇಲಿಂಗದಲ್ಲಿ ಇಂದು ಪೂಜೆಗೊಳ್ಳುತ್ತಿರುವ ಲಕ್ಷ್ಮೀನರಸಿಂಹನು ೧೬ನೆಯ ಶತಮಾನದಲ್ಲಿ ಇಲ್ಲಿಂದ ಅಲ್ಲಿಗೆ ಸಾಗಿದ ದೇವರು. ಮುರಗಾಂವ ತಾಲೂಕು ಬೇರೆಯಾಗುವ ಮುನ್ನ ಈ ಊರು ಸಾಷ್ಟಿ ಪ್ರಾಂತಕ್ಕೆ ಸೇರಿತ್ತು. ಅದೇ ಸಾಷ್ಟಿಯಲ್ಲಿ, ಜುವಾರಿ ನದಿಯ ಇದೇ ದಂಡೆಯ ಮೇಲೆ, ಮೇಲುಗಡೆಗೆ ರಾಚೋಲವೆಂಬ ಊರಿದೆ. ೧೬೪೦ರಲ್ಲಿ ಅಲ್ಲಿಯ ಮುದ್ರಣಾಲಯದಿಂದ ಒಂದು ಕೊಂಕಣಿ ವ್ಯಾಕರಣವು ಹೊರಬಂದಿತು. ಪೋರ್ಚುಗೀಸರು ಇಲ್ಲಿಯ ಭಾಷೆಯನ್ನು ‘ಕಾನಾರೀಂ’ ಎಂದು ಕರೆಯುತ್ತಿದ್ದುದರಿಂದ ಗ್ರಂಥದ ಹೆಸರಿನಲ್ಲಿಯೂ ಆ ಮಾತೇ ಇದೆ. ಹೆಸರನ್ನು ನೋಡಿ ಅದನ್ನು ಕನ್ನಡ ವ್ಯಾಕರಣವೆಂದು ಭ್ರಮಿಸಬಾರದು. ಭಾರತೀಯ ಭಾಷೆಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣವೆಂದು ಇದನ್ನು ಎಣಿಸಲಾಗಿದೆ.

ಅದನ್ನು ರಚಿಸಿದವರು ಇಂಗ್ಲೆಂಡಿನವರೇ ಆದ ಥಾಮಸ್ ಸ್ಟೀಫನ್ಸ್ ಪಾದ್ರಿಗಳು. ೧೫೭೯ರಲ್ಲಿ ಗೋವೆಗೆ ಬಂದ ಇವರು ಸಾಷ್ಟಿಯಲ್ಲಿ ದೀರ್ಘಕಾಲ ಬಾಳಿ ೧೬೧೯ರಲ್ಲಿ ತೀರಿಕೊಂಡರು. ವ್ಯಾಕರಣವು ಅವರ ಮರಣಾನಂತರ ಅಚ್ಚಾಯಿತು. ಇಂಗ್ಲಿಷರ ಭಾಷೆಯನ್ನು ಕಲಿಯುವ ಚಿಂತೆಯಲ್ಲಿರುವ ನಾವು, ನಾಲ್ಕು ಶತಮಾನಗಳ ಹಿಂದೆ ಇಂಗ್ಲಿಷನೊಬ್ಬನು ನಮ್ಮ ನೆರೆಯ ಭಾಷೆಯನ್ನು ಕಲಿತ ರೀತಿಯನ್ನು ಗಮನಿಸಬೇಕು. ದಿನವೂ ಜನರೊಡನೆ ಆಡಿ ಕೇಳಿ ಅವರು ಮಾತನ್ನು ಕರಗತ ಮಾಡಿಕೊಂಡರು. ೧೬೧೬ರಲ್ಲಿ ಅಚ್ಚಾದ ಅವರ ‘ಕ್ರಿಸ್ತಪುರಾಣ’ವು ಮರಾಠೀ ಓವಿಗಳ ಮಹಾಕಾವ್ಯವಾಗಿದೆ. ಬಳಕೆಯಿಂದ ಭಾಷೆ ಬಂದಿತ್ತಾದರೂ ಅವರು ವ್ಯಾಕರಣವನ್ನು ಕಡೆಗಣಿಸಲಿಲ್ಲ. ಮೇಲಾಗಿ ಅದನ್ನು ಪೋರ್ಚುಗೀಸಿನಲ್ಲಿ, ಎಂದರೆ ಕಲಿಯಬಂದವರು ಮೊದಲೇ ಬಲ್ಲ ಭಾಷೆಯಲ್ಲಿ, ಬರೆದರು.

ಈ ದಾರಿ ಕನ್ನಡಿಗರಿಗೂ ಅಪರಿಚಿತವಾದುದಲ್ಲ. ಸ್ಟೀಫನ್ಸ್ ಪಾದ್ರಿಗಳು ಸಾಷ್ಟಿಯಲ್ಲಿದ್ದ ಕಾಲದಲ್ಲಿಯೇ, ಇದೇ ಕರಾವಳಿಯ ತೆಂಕಣ ದಿಕ್ಕಿಗೆ, ಹಾಡುವಳ್ಳಿಯ ಜೈನ ಪರಂಪರೆಯ ಭಟ್ಟಾಕಳಂಕದೇವನು ೧೬೦೪ರಲ್ಲಿ ‘ಶಬ್ದಾನುಶಾಸನ’ವನ್ನು ಮುಗಿಸಿದನು. ಅದು ಕನ್ನಡದ ವ್ಯಾಕರಣವಾದರೂ ಸೂತ್ರಗಳು ಸಂಸ್ಕೃತದಲ್ಲಿವೆ. ಮುಂದೆ ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು ಕನ್ನಡವನ್ನು ಅರಿಯಲು ಕೇಶಿರಾಜನನ್ನೇ ಗುರುವಾಗಿಸಿಕೊಂಡು ೧೮೭೨ರಲ್ಲಿ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು; ೧೯೦೩ರಲ್ಲಿ ತಮ್ಮ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಹೊರತಂದರು. ತಿಳಿದ ಭಾಷೆಯ ಮೂಲಕ ತಿಳಿಯದ ಭಾಷೆಯ ಕಟ್ಟನ್ನು ಬಿಡಿಸಿ ನೋಡುವುದೇ ಈ ಪಂಡಿತರೆಲ್ಲರ ಕ್ರಮವಾಗಿತ್ತು.

ನಮ್ಮ ಮಕ್ಕಳಿಗೆ ಇಂಗ್ಲಿಷನ್ನು ಕಲಿಸುವಾಗ ಮಾತ್ರ ಈ ಕ್ರಮವು ತಲೆಕೆಳಗಾಯಿತು. ೧೯೩೦ರ ದಶಕದಿಂದ ಭಾರತದ ಪ್ರೌಢಶಾಲೆಗಳಲ್ಲಿ ಮನೆಮಾತಾಗಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಪ್ರೌಢವಾದ ಗ್ರಂಥವೇ ಸರಿ. ಆದರೆ ಅದರ ನಿಯಮ, ವಿವರಣೆ, ಅಭ್ಯಾಸ ಎಲ್ಲವೂ ಇಂಗ್ಲಿಷಿನಲ್ಲಿಯೇ ಇವೆ. ಇಂಗ್ಲಿಷ್ ಬಾರದ ಮಗುವಿಗೆ ಅದು ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆ. ಆಗ ಉಳಿಯುವುದು ಕಂಠಪಾಠವೊಂದೇ.

ಇದಕ್ಕೆ ಪ್ರತಿಯಾಗಿ, ನಿಯಮಗಳನ್ನು ಬೋಧಿಸದೆಯೇ ಇಂಗ್ಲಿಷ್ ಕಲಿಸಬಹುದೇ ಎಂಬ ಪ್ರಯೋಗವೂ ನಮ್ಮ ನಾಡಿನಲ್ಲಿ ನಡೆಯಿತು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮೊದಲಾದ ಕಡೆಯ ಕೆಲವು ಶಾಲೆಗಳಲ್ಲಿ ಮಕ್ಕಳಿಗೆ ನಕ್ಷೆ, ರೈಲ್ವೆ ವೇಳಾಪಟ್ಟಿ ಮುಂತಾದವುಗಳನ್ನು ಕೊಟ್ಟು, ಇಂಗ್ಲಿಷಿನಲ್ಲಿ ಲೆಕ್ಕಾಚಾರ ಹಾಕಿ ಉತ್ತರ ಕಂಡುಹಿಡಿಯುವಂತೆ ಮಾಡಲಾಯಿತು. ಲಕ್ಷ್ಯವು ಅರ್ಥದ ಮೇಲಿದ್ದರೆ ವ್ಯಾಕರಣವು ತಾನಾಗಿ ಬೆಳೆಯುವುದೆಂಬುದು ಅವರ ನಂಬಿಕೆ. ಬೆರೆಟಾ ಮತ್ತು ಡೇವಿಸ್ ಎಂಬವರು ಇದನ್ನು ಪರೀಕ್ಷಿಸಿ ೧೯೮೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಾಕ್ಯರಚನೆಯ ಬಿಡಿಪ್ರಶ್ನೆಗಳಲ್ಲಿ ರೂಢಿಯ ಪದ್ಧತಿಯವರು ಮುಂದಿದ್ದರು. ಕೇಳಿ ಬರೆಯುವುದು, ಸಂದರ್ಭವನ್ನರಿತು ಸರಿಯಾದ ರೂಪವನ್ನು ಬಳಸುವುದು ಮೊದಲಾದವುಗಳಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ನಿಯಮವನ್ನು ಬಲ್ಲವನು ನಿಯಮದ ಪ್ರಶ್ನೆಗೆ ಉತ್ತರಿಸಿದನು; ಬಳಸಿದವನು ಬಳಕೆಯಲ್ಲಿ ಗೆದ್ದನು. ಹಾಗಾದರೆ ಎರಡನ್ನೂ ಜೋಡಿಸುವ ಸೇತುವೆ ಯಾವುದು? ನಮ್ಮ ಮಕ್ಕಳ ಪಾಲಿಗೆ ಅದು ಕನ್ನಡ ವ್ಯಾಕರಣವೇ ಎಂದು ನನ್ನ ಅಭಿಪ್ರಾಯ.

‘ಮುಂಗುಸಿ ಹಾವನ್ನು ಕೊಂದಿತು’ ಎಂದರೂ ‘ಹಾವನ್ನು ಮುಂಗುಸಿ ಕೊಂದಿತು’ ಎಂದರೂ ಕನ್ನಡದಲ್ಲಿ ಸಾಯುವುದು ಹಾವೇ. ದ್ವಿತೀಯಾ ವಿಭಕ್ತಿಯ ‘ಅನ್ನು’ ಕರ್ಮಪದವನ್ನು ಗುರುತಿಸಿಕೊಡುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದದ ಸ್ಥಾನವೇ ಮಾಡಬೇಕು. ‘ದ ಮಂಗೂಸ್ ಕಿಲ್ಡ್ ದ ಸ್ನೇಕ್’ ಎಂಬಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದರೆ ಮುಂಗುಸಿಯೇ ಸತ್ತುಹೋಗುತ್ತದೆ. ಹಾಗೆಯೇ ‘ನಾಳೆ ಬರುತ್ತೇನೆ’ ಎಂಬಲ್ಲಿ ಕ್ರಿಯಾಪದದ ಪ್ರತ್ಯಯವೇ ‘ನಾನು’ ಎಂಬುದನ್ನು ಹೇಳುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಆ ಶಕ್ತಿಯಿಲ್ಲವಾದುದರಿಂದ ಅಲ್ಲಿ ‘ಐ’ ಎಂಬುದನ್ನು ಬಿಡುವಂತಿಲ್ಲ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಹಸಿದವನು ಚತುರ್ಥಿಯಲ್ಲಿದ್ದಾನೆ. ‘ಐ ಆ್ಯಮ್ ಹಂಗ್ರಿ’ ಎಂಬಲ್ಲಿ ಅವನೇ ಕರ್ತೃ. ವಿಭಕ್ತಿ, ಕರ್ತೃ, ಕರ್ಮಗಳನ್ನು ಕನ್ನಡದಲ್ಲಿ ಅರಿತ ಮಗುವಿಗೆ ಈ ಮೂರು ಭೇದಗಳು ಅಲ್ಪಕಾಲದಲ್ಲಿ ತಿಳಿಯುತ್ತವೆ. ಅರಿಯದ ಮಗುವು ಒಂದೊಂದು ವಾಕ್ಯವನ್ನೂ ಬೇರೆಬೇರೆಯಾಗಿ ಉರುಹೊಡೆಯಬೇಕಾಗುತ್ತದೆ.

ವ್ಯಾಕರಣವೊಂದರಿಂದಲೇ ಇಂಗ್ಲಿಷ್ ನಾಲಿಗೆಗೆ ಬರುವುದೆಂದು ಇದರ ತಾತ್ಪರ್ಯವಲ್ಲ. ಓದು, ಕೇಳ್ಮೆ, ಮಾತು, ಬರಹಗಳ ಅಭ್ಯಾಸ ದಿನವೂ ನಡೆಯಬೇಕು. ಆ ಅಭ್ಯಾಸದಲ್ಲಿ ಕಂಡ ತಪ್ಪು ಏಕೆ ತಪ್ಪೆಂಬುದನ್ನು ಮಗುವಿಗೆ ಅದರ ಭಾಷೆಯಲ್ಲಿ ತಿಳಿಸಿ ಹೇಳಿದರೆ ಅದೇ ಜೀವಂತವಾದ ವ್ಯಾಕರಣ ಪಾಠ. ಇಂಗ್ಲಿಷ್ ಬಾರದ ತಾಯಿಯೂ ಈ ಕಾರ್ಯದಲ್ಲಿ ಪಾಲುಗೊಳ್ಳಬಲ್ಲಳು: ಮಗುವು ಓದಿದ ಇಂಗ್ಲಿಷ್ ವಾಕ್ಯದ ಅರ್ಥವನ್ನು ಕನ್ನಡದಲ್ಲಿ ಹೇಳಿಸಿ, ಯಾರು ಮಾಡಿದರು, ಏನನ್ನು ಮಾಡಿದರು, ಯಾವಾಗ ಮಾಡಿದರು ಎಂದು ಕೇಳಿದರೆ ಸಾಕು.

ಇಂಗ್ಲಿಷಿಗಾಗಿ ಕನ್ನಡವನ್ನು ಬೇಗನೆ ಬಿಡಿಸಬೇಕೆಂಬ ಆತುರವು ನಮ್ಮ ಮನೆಗಳಲ್ಲಿ ಹೆಚ್ಚುತ್ತಿದೆ. ಹಾಗೆ ಬಿಡಿಸಿದರೆ ಒಂದು ಭಾಷೆ ಹೋಗುವುದಲ್ಲದೆ, ಮತ್ತೊಂದನ್ನು ಏರುವ ಏಣಿಯೂ ಹೋದೀತು. ಹೊರನಾಡಿನ ಕನ್ನಡ ತರಗತಿಗಳಲ್ಲಿ ವಿಭಕ್ತಿಯ ಪಾಠವು ಬೇಸರದ ವಿಧಿಯಾಗದೆ, ಇಂಗ್ಲಿಷಿನೊಡನೆ ಹೋಲಿಸಿ ನೋಡುವ ಕುತೂಹಲದ ವಿಷಯವಾಗಲಿ. ನಮ್ಮ ಸಂಘಗಳು ಈ ಒಂದು ಕಾರ್ಯವನ್ನು ಕೈಗೊಂಡರೆ ಕನ್ನಡವೂ ಉಳಿದೀತು, ಇಂಗ್ಲಿಷೂ ಒಲಿದೀತು.